ಅತ್ತೆಯಿಲ್ಲದ ಪರೀಕ್ಷೆ

ಕೇಬಲ್ ಕಿತ್ತಳು, ಚುಚ್ಚಿದಳು, ಮತ್ತೆ ಕಿತ್ತಳು. ಮುನ್ನೂರ ಹನ್ನೆರಡನೇ ಸಲ. ಮೇಜಿನ ಮೇಲಿದ್ದ ಯಂತ್ರ ‘ಸೆನ್ಸರ್ ತೆಗೆಯಲಾಗಿದೆ’ ಎಂದು ತೋರಿಸಿ ಗುಮ್ಮನೆ ಕೂತಿತು. ಹಾಳಾದ್ದು, ಆಸ್ಪತ್ರೆಯಲ್ಲಿ ಕೈಕೊಡುತ್ತದೆ, ಇಲ್ಲಿ ಮಾತ್ರ ಸಾಧುಪ್ರಾಣಿ. ಆಗಲೇ ಹನ್ನೊಂದೂವರೆ. ಮೂರಕ್ಕೆ ಮೀಟಿಂಗು. ಎದ್ದು ಕಿಟಕಿಯವರೆಗೆ ಹೋದಳು, ಏನೂ ನೋಡದೆ ವಾಪಸ್ ಬಂದು ಕೂತಳು.

ಮೀಟಿಂಗಿನಲ್ಲಿ ಏನಾಗುತ್ತದೆಂದು ಆಫೀಸಿಗೆಲ್ಲ ಗೊತ್ತಿತ್ತು. ಮೇಷ್ಟ್ರ ಕೈಯಿಂದ ಕೆಲಸ ಕಿತ್ತುಕೊಳ್ಳುತ್ತಾರೆ. ಮೇಷ್ಟ್ರೆಂದರೆ ಶಾಲೆಯವರಲ್ಲ, ಇಪ್ಪತ್ತೆರಡು ವರ್ಷದಿಂದ ಇಲ್ಲೇ ಇರುವ ಎಂಜಿನಿಯರು. ಯಾರು ಎಲ್ಲಿ ಮುಗ್ಗರಿಸಿದರೂ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಹೇಳಿಕೊಡುತ್ತಿದ್ದರಿಂದ ಬಂದ ಹೆಸರು ಅದು. ಈ ಕೆಲಸದ ಅಆಇಈ ಅವಳಿಗೆ ಕಲಿಸಿದವರೂ ಅವರೇ. ರೋಗಿಯ ಎದೆಬಡಿತ ತೋರಿಸುವ ಈ ಯಂತ್ರದೊಳಗೆ ಸೆನ್ಸರಿನ ಜೊತೆ ಮಾತಾಡುವ ಪುಟ್ಟ ಪ್ರೋಗ್ರಾಂ ಒಂದಿದೆ, ಡ್ರೈವರ್ ಅಂತ. ಅದು ಮೇಷ್ಟ್ರದು.

ಹೋದ ವಾರ ಆಸ್ಪತ್ರೆಯ ಸಿಸ್ಟರ್ ಫೋನಿನಲ್ಲೇ ಹರಿಹಾಯ್ದಿದ್ದರು. “ಪೇಷಂಟು ಕೇಬಲ್ ಕಿತ್ತಿಟ್ಟು ಬಾತ್‌ರೂಮಿಗೆ ಹೋಗಿದಾರೆ. ಮಂಚ ಖಾಲಿ. ನಿಮ್ಮ ಪರದೆ ಮಾತ್ರ ಎಪ್ಪತ್ತೆರಡು, ಎಪ್ಪತ್ತೆರಡು ಅಂತ ತೋರಿಸ್ತಾನೇ ಇದೆ! ಇದನ್ನ ನಂಬ್ಕೊಂಡು ನಾನು ಪಕ್ಕದ ವಾರ್ಡಿಗೆ ಹೋಗ್ಲಾ?”

ಕೇಬಲ್ ಕಿತ್ತಾಗ ಡ್ರೈವರನ್ನು ನಿಲ್ಲಿಸಿ ಹೊರಗೆ ಕಳಿಸಬೇಕು. ಹಾಗೆ ಕಳಿಸುವಾಗಲೇ ಯಂತ್ರ ಎಲ್ಲೋ ಸಿಕ್ಕಿಕೊಳ್ಳುತ್ತಿತ್ತು. ಎಲ್ಲಿ ಎಂದು ಯಾರಿಗೂ ಸಿಗಲಿಲ್ಲ. ಡ್ರೈವರ್ ಯಾರದೋ, ತಪ್ಪೂ ಅವರದೇ ಎಂದು ಎಲ್ಲರೂ ತೀರ್ಮಾನಿಸಿಬಿಟ್ಟರು.

ಅಷ್ಟರಲ್ಲಿ ಮೇಷ್ಟ್ರೇ ಬಂದರು. ಅಂಗಿಯ ಒಂದು ಗುಂಡಿ ತಪ್ಪು ತೂತಿಗೆ ಬಿದ್ದಿತ್ತು.

“ಏನಮ್ಮ, ಸಿಕ್ಕಿದ್ನಾ ನನ್ನ ಕಳ್ಳ?”

“ಇಲ್ಲ ಸರ್. ಕೂತ್ಕೊಳ್ಳಿ.”

ಅವರು ಕೂರಲಿಲ್ಲ. “ನನ್ನ ಫೈಲು ನಲವತ್ತು ಸಲ ಓದಿದೆ. ಎಲ್ಲಾ ಸರಿಯಾಗೇ ಕಾಣ್ಸುತ್ತೆ, ಅದೇ ಭಯ. ನಮ್ಮಣ್ಣನಿಗೂ ಹೀಗೇ ಶುರುವಾಗಿದ್ದು ಕಣಮ್ಮ. ಕಣ್ಣೆದುರು ಇರೋದು ಕಾಣ್ತಿರ್ಲಿಲ್ಲ. ಕೊನೆಗೆ ಮಕ್ಕಳ ಹೆಸರೂ ಮರೆತ. ಸೋಮವಾರ ತಲೆ ಡಾಕ್ಟರ ಹತ್ರ ಹೋಗೋಣ ಅಂತಿದಾಳೆ ನಮ್ಮನೆಯವಳು.”

“ಏನ್ ಸರ್ ನೀವು! ಡ್ರೈವರನ್ನ ಹೊರಗೆ ಕಳಿಸೋ ನನ್ನ ಫೈಲೂ ಒಂದ್ಸಲ ನೋಡ್ಬಿಡಿ.” ಮಾತು ಬಾಯಿಂದ ಜಾರಿತು.

“ನಿಂದು ಯಾಕೆ? ನೀನು ಪರೀಕ್ಷೆ ಮಾಡಿ ಸಹಿ ಹಾಕಿದೀಯಲ್ಲ.”

ಅವರು ಹೋದ ಮೇಲೆ ಅವಳಿಗೆ ಕೂರಲೂ ಆಗಲಿಲ್ಲ, ನಿಲ್ಲಲೂ ಆಗಲಿಲ್ಲ. ಸಹಿ ಹಾಕಿದ್ದು ನಿಜ. ಆದರೆ ಅತ್ತೆಯನ್ನು ಊರಿಗೆ ಕಳಿಸಿ ಮಾಡಿದ ಪರೀಕ್ಷೆ ಅದು.

ಅತ್ತೆ ಎಂದರೆ ಬೀಗಗಳ ಮೇಲೆ ಕಣ್ಣಿಡುವ ‘ಚೆಕ್ಕರ್’ ಎಂಬ ಉಪಕರಣ. ಪ್ರೋಗ್ರಾಮಿನಲ್ಲಿ ಎರಡು ಭಾಗಗಳು ಒಂದೇ ಹೊತ್ತಿಗೆ ಒಂದೇ ಮಾಹಿತಿಗೆ ಕೈಹಾಕಬಾರದೆಂದು ಬೀಗ ಇಡುತ್ತಾರೆ. ಯಾರು ಯಾವ ಬೀಗ ಹಿಡಿದು ಯಾರಿಗೆ ಕಾಯುತ್ತಿದ್ದಾರೆಂದು ಈ ಉಪಕರಣ ನೋಡುತ್ತಲೇ ಇರುತ್ತದೆ, ಎಲ್ಲದಕ್ಕೂ ಕೊಂಕು ತೆಗೆಯುತ್ತದೆ, ಅದಿದ್ದರೆ ಯಂತ್ರ ತೆವಳುತ್ತದೆ. ಅದಕ್ಕೇ ಆ ಹೆಸರು. ಆಗ ಶುಕ್ರವಾರದೊಳಗೆ ಪರೀಕ್ಷೆ ಮುಗಿಯಬೇಕಿತ್ತು, ಅವಳು ಅದನ್ನು ಆಫ್ ಮಾಡಿಬಿಟ್ಟಿದ್ದಳು. ಎಲ್ಲರೂ ಆಗಾಗ ಹಾಗೆ ಮಾಡುವವರೇ. ಈ ಒಂದು ವಾರದಲ್ಲಿ ಏನೆಲ್ಲ ಮಾಡಿ ನೋಡಿದ್ದಳು, ಅತ್ತೆಯನ್ನು ಕರೆಯುವುದೊಂದು ಬಿಟ್ಟು. ಯಾಕೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಈಗ ಕರೆದಳು. ಯಂತ್ರ ಏದುಸಿರು ಬಿಡುತ್ತ ಎದ್ದಿತು. ಒಂಬತ್ತನೇ ಸಲ ಕೇಬಲ್ ಕಿತ್ತಾಗ ಪರದೆಯ ತುಂಬ ಸಾಲುಗಳು ಬಂದವು. ಮೂರನೇ ಸಾಲಿನಲ್ಲಿದ್ದದ್ದು ಅವಳ ಫೈಲು.

ಎರಡು ತಿಂಗಳ ಹಿಂದೆ, ಜೋಪಾನವಾಗಿರಲಿ ಎಂದು, ಡ್ರೈವರನ್ನು ಹೊರಗೆ ಕಳಿಸುವ ಮೊದಲು ಅವಳು ಒಂದು ಬೀಗ ಹಿಡಿದಿದ್ದಳು. ಹಿಡಿದುಕೊಂಡೇ, ಡ್ರೈವರ್ ಕೈಯಲ್ಲಿದ್ದ ಕೆಲಸ ಮುಗಿಸಲಿ ಎಂದು ಕಾದಿದ್ದಳು. ಅದು ಕೆಲಸ ಮುಗಿಸಬೇಕಾದರೆ ಅದೇ ಬೀಗ ಬೇಕು! ಕೋಣೆಗೆ ಹೊರಗಿನಿಂದ ಬೀಗ ಜಡಿದು, ಕೀಲಿ ಕೈಯಲ್ಲಿಟ್ಟುಕೊಂಡು, ‘ನೀನು ಹೊರಗೆ ಬಾ, ಆಮೇಲೆ ತೆಗೀತೀನಿ’ ಎಂದು ಕೂತ ಹಾಗೆ. ಮೊದಲು ಬೀಗ ಬಿಡಬೇಕು, ಆಮೇಲೆ ಕಾಯಬೇಕು. ಒಂದು ಸಾಲನ್ನು ಮೇಲಕ್ಕೆ ಸರಿಸಿದರೆ ಮುಗಿಯಿತು.

ಸರಿಸಿದಳು. ಅತ್ತೆ ಸುಮ್ಮನಾಯಿತು. ಆರುನೂರು ಸಲ ಕಿತ್ತರೂ ಯಂತ್ರ ತಪ್ಪಲಿಲ್ಲ.

ಈ ತಿದ್ದುಪಡಿಯನ್ನು ಸದ್ದಿಲ್ಲದೆ ಸೇರಿಸಿಬಿಟ್ಟರೆ? ‘ಹೇಗೋ ಸರಿಹೋಯ್ತು ಸರ್’ ಎಂದರೆ ಯಾರು ಕೆದಕುತ್ತಾರೆ? ಊಟ ಸೇರಲಿಲ್ಲ. ಎರಡು ಸಲ ಮೇಷ್ಟ್ರ ಮೇಜಿನವರೆಗೆ ಹೋಗಿ, ಪ್ರಿಂಟರಿಗೆ ಬಂದವಳ ಹಾಗೆ ತಿರುಗಿದಳು. ಥೂ, ತನ್ನ ಜನ್ಮಕ್ಕಿಷ್ಟು ಎಂದುಕೊಂಡಳು.

ಮೂರಕ್ಕೆ ಮ್ಯಾನೇಜರ್ ಮೇಡಂ ಲ್ಯಾಪ್‌ಟಾಪ್ ತೆರೆದರು. “ನೋಡಿ, ಯಾರನ್ನೂ ದೂರೋದು ಬೇಡ. ಸರ್ ಒಪ್ಪಿದಾರೆ, ಡ್ರೈವರನ್ನ ಬೇರೆಯವರಿಗೆ...”

“ನಂದು ಮೇಡಂ,” ಎಂದಳು. “ತಪ್ಪು ನಂದು. ಬೀಗ ನಾನು ಹಿಡಿದಿದ್ದು. ಚೆಕ್ಕರ್ ಆಫ್ ಮಾಡಿ ಪರೀಕ್ಷೆ ನಡೆಸಿ ಸಹಿ ಹಾಕ್ದೆ. ಮೇಷ್ಟ್ರ ಫೈಲಲ್ಲಿ ಏನೂ ತಪ್ಪಿಲ್ಲ.”

ಮೇಷ್ಟ್ರು ಬೈಯುತ್ತಾರೆಂದು ಅವಳು ತಲೆ ತಗ್ಗಿಸಿದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

“ನನ್ನದಲ್ವಾ?” ಎಂದರು ಅವರು.

“ಅಲ್ಲ ಸರ್.”

“ಸರಿಯಾಗಿ ನೋಡಿದೀಯಾ? ನನ್ನದಲ್ವಾ?”

“ನಿಮ್ಮದಲ್ಲ ಸರ್. ನೀವು ಓದಿದ್ದು ಸರಿಯಾಗೇ ಇತ್ತು.”

ಅವರು ಎದ್ದರು. ಕುರ್ಚಿ ಹಿಂದಕ್ಕೆ ಬಿತ್ತು, ಎತ್ತಲಿಲ್ಲ. ಅವಳ ಕಡೆ ತಿರುಗಿಯೂ ನೋಡದೆ ಬಾಗಿಲು ತಳ್ಳಿಕೊಂಡು ಹೊರಗೆ ಹೋದರು. ಮೇಡಂ ಏನೋ ಕೇಳುತ್ತಿದ್ದರು, ಚೆಕ್ಕರ್ ಆಫ್ ಮಾಡಿದ್ದು ಯಾವತ್ತು, ಯಾರಿಗೆ ಹೇಳಿದ್ದೆ ಅಂತ. ಅವಳ ಕಿವಿ ಹೊರಗಿತ್ತು, ಮೇಷ್ಟ್ರು ಮನೆಗೆ ಫೋನ್ ಮಾಡಿದ್ದರು.

“ಲೇ, ಕೇಳಿಸ್ಕೊಂಡ್ಯಾ? ನನ್ನದಲ್ವಂತೆ ಕಣೇ... ಹ್ಞೂ... ಇಲ್ಲ ಕಣೇ, ಸಮಾಧಾನಕ್ಕೆ ಹೇಳಿದ್ದಲ್ಲ, ನಿಜವಾಗ್ಲೂ.”

ಅವಳು ಎದ್ದು ಬಾಗಿಲವರೆಗೆ ಹೋದಳು. ಮೇಷ್ಟ್ರು ಗೋಡೆಗೆ ಹಣೆಯಾನಿಸಿ ನಿಂತು, ಮೊದಲಿನಿಂದ ಮತ್ತೆ ಹೇಳುತ್ತಿದ್ದರು.