ಮಂಗಳಾರತಿಗೆ ಮುಂಚಿನ ಐದು ನಿಮಿಷ

೨೦೦೩ನೆಯ ಇಸವಿ, ಅಕ್ಟೋಬರ್ ನಾಲ್ಕು, ಶನಿವಾರ, ಕಂಪ್ಯೂಟರು ಹನ್ನೊಂದು, ನಿಂಬೆಹಣ್ಣು ಹನ್ನೊಂದು, ಪ್ರತಿಯೊಂದು ಪರದೆಯ ಗಾಜಿಗೂ ಹಸಿ ಕುಂಕುಮದ ಬೊಟ್ಟು, ಅದು ಆಗಲೇ ಕೆಳಕ್ಕೆ ಜಾರುತ್ತಿದೆ, ನೀರು ಹೆಚ್ಚಾಗಿದೆ, ಕುಂಕುಮ ಕಲಸುವುದಕ್ಕೂ ಒಂದು ಪ್ರಮಾಣ ಬೇಡವೇ — ನಿವೃತ್ತ ಗಣಿತದ ಮೇಷ್ಟ್ರು ಎಂದು ನನ್ನನ್ನು ಶಾಲೆಯ ಆಯುಧಪೂಜೆಗೆ ಕರೆದು ಮುಂದಿನ ಸಾಲಿನಲ್ಲಿ ಕೂರಿಸಿದ್ದಾರೆ, ಚಪ್ಪಲಿ ಹೊರಗೆ ಬಿಡಿಸಿ, ಧೂಳು ತಾಗಿದರೆ ಯಂತ್ರ ಕೆಡುತ್ತದೆಯಂತೆ, ಧೂಳಿಗೆ ಹೆದರುವವರು ಗಾಜಿಗೆ ಅರಿಶಿನ ಬಳಿಯುತ್ತಾರೆ. ಹೊಸ್ತಿಲಲ್ಲಿ ಸುಕನ್ಯ ನಿಂತಿದ್ದಾಳೆ, ಹತ್ತನೆಯ ತರಗತಿ, ಕನ್ನಡ ಮಾಧ್ಯಮ, ಸಂಜೆ ನನ್ನ ಮನೆಯ ಜಗಲಿಗೆ ಪಾಠಕ್ಕೆ ಬರುವವಳು, ದಸರಾ ರಜೆಯಲ್ಲೂ ಸಮವಸ್ತ್ರ ಹಾಕಿಕೊಂಡು ಬಂದಿದ್ದಾಳೆ, ಅವಳ ಹಿಂದೆ ತಾಯಿ ಮುನಿಶಾಮಮ್ಮ, ಸೆರಗು ಬಿಗಿಹಿಡಿದು. ಒಂದು ಸಲ ಕಂಪ್ಯೂಟರಿನ ಮುಂದೆ ಕೂರಿಸುತ್ತೇನೆ ಎಂದು ಇಬ್ಬರಿಗೂ ಮಾತು ಕೊಟ್ಟವನು ನಾನು, ತೀರಿಸುವ ತನಕ ಅದು ನನ್ನ ಹೆಸರಿನ ಸಾಲ.

ಈ ಯಂತ್ರಗಳನ್ನು ಕೊಟ್ಟವರು ಯಾರು, ವರ್ತುಲ ರಸ್ತೆಯ ಗಾಜಿನ ಕಟ್ಟಡದವರು, ಆ ಕಟ್ಟಡ ಎದ್ದದ್ದು ಯಾವ ನೆಲದಲ್ಲಿ, ಮಹದೇವಪುರದ ಮುನಿಆಂಜನಪ್ಪನ ರಾಗಿ ಹೊಲದಲ್ಲಿ, ಸುಕನ್ಯ ಅವನ ಮೊಮ್ಮಗಳು. ಊರಿನ ಮಕ್ಕಳಿಗಾಗಿ ಎಂದು ಹಲಗೆ ಬರೆಸಿ ಗೋಡೆಗೆ ಹೊಡೆದಿದ್ದಾರೆ, ಹಲಗೆಯಲ್ಲಿ ಊರಿನ ಮಕ್ಕಳು, ಕುರ್ಚಿಯಲ್ಲಿ ಇಂಗ್ಲಿಷ್ ಸೆಕ್ಷನ್ನಿನ ಮಕ್ಕಳು, ಕನ್ನಡ ಸೆಕ್ಷನ್ನಿಗೆ ರಟ್ಟು, ಹೌದು, ರಟ್ಟು, ಸ್ಕೇಲು ಹಿಡಿದು ಮನೆ ಮನೆ ಗೆರೆ ಎಳೆದು ಕೀಬೋರ್ಡು ಬರೆದುಕೊಳ್ಳಿ, ಅದರ ಮೇಲೆ ಬೆರಳಾಡಿಸಿ ಕಲಿಯಿರಿ — ಇದು ಮುಖ್ಯೋಪಾಧ್ಯಾಯ ಶ್ರೀಹರಿಯ ಏರ್ಪಾಡು, ನನ್ನ ಶಿಷ್ಯ ಶ್ರೀಹರಿ, ತ್ರೈರಾಶಿಯನ್ನು ಇದೇ ಶಾಲೆಯಲ್ಲಿ ನನ್ನಿಂದ ಕನ್ನಡದಲ್ಲೇ ಕಲಿತವನು. ಕಳೆದ ತಿಂಗಳು ಅವನ ಕೋಣೆಗೆ ಹೋಗಿ ಸುಕನ್ಯಳನ್ನು ಒಮ್ಮೆ ಕೂರಿಸು ಎಂದು ಕೇಳಿದಾಗ ಏನೆಂದ, ಆ ಹುಡುಗೀನಾ ಸಾರ್, ಅವ್ರ ಜಮೀನಲ್ಲೇ ಅಲ್ವಾ ಬಿಲ್ಡಿಂಗ್ ಎದ್ದಿರೋದು, ಅಲ್ಲೇ ಹೌಸ್‌ಕೀಪಿಂಗಿಗೆ ತಗೋತಾರೆ ಬಿಡಿ, ಕೆಲ್ಸ ಗ್ಯಾರಂಟಿ. ಅದನ್ನು ಹೇಳುವಾಗ ಅವನ ದನಿಯಲ್ಲಿ ಕರುಣೆ ಇತ್ತು.

ಹೊಲ ಕೊಟ್ಟ ಮೇಲೂ ಮುನಿಆಂಜನಪ್ಪನ ಕಾಲು ಬೆಳಿಗ್ಗೆ ಅತ್ತಲೇ ನಡೆಯುತ್ತಿತ್ತು, ಗೇಟಿನಲ್ಲಿ ತಡೆದರು, ಕಾರ್ಡು ತೋರಿಸಿದವರಿಗೆ ಹಸಿರು ದೀಪ, ಮುದುಕನಿಗೆ ಕೆಂಪು, ಮೊಮ್ಮಗಳು ಪಕ್ಕದಲ್ಲೇ ಇದ್ದಳು. ಆ ಸಂಜೆ ಜಗಲಿಯಲ್ಲಿ ಬೀಜಗಣಿತ ಬದಿಗಿಟ್ಟು ಕೇಳಿದಳು, ಸಾರ್, ಯಾರನ್ನ ಬಿಡ್ಬೇಕು ಯಾರನ್ನ ಬಿಡಬಾರ್ದು ಅಂತ ಆ ಗೇಟಿಗೆ ಹೇಳ್ಕೊಟ್ಟೋರ್ಯಾರು? ಅದನ್ನು ಬರೆಯುವ ವಿದ್ಯೆಯೊಂದಿದೆಯಮ್ಮ ಎಂದೆ. ಹಂಗಾದ್ರೆ ನಾನು ಅದನ್ನೇ ಓದ್ತೀನಿ, ಪಿಯುಸಿಲಿ ಕಂಪ್ಯೂಟರ್ ಸೈನ್ಸೇ ತಗೋತೀನಿ. ಇಷ್ಟು ನೇರವಾದ ಕಾರಣ ಇಟ್ಟುಕೊಂಡು ಓದಲು ಹೊರಟವರನ್ನು ಮೂವತ್ತು ವರ್ಷದ ಪಾಠದಲ್ಲಿ ನಾನು ಕಾಣಲಿಲ್ಲ, ಶ್ರೀಹರಿಯೋ ತಾಯಿಯನ್ನು ಕರೆಸಿ ಇವಳಿಗೆ ಆರ್ಟ್ಸೇ ವಾಸಿ ಎಂದು ತಲೆಗೆ ತುಂಬಿದ, ಮುನಿಶಾಮಮ್ಮ ನನ್ನ ಬಾಗಿಲಿಗೆ ಬಂದಳು, ನೀವೊಂದ್ಸಲ ಕೂರ್ಸಿ ಸಾರ್, ನಾನೇ ನೋಡ್ತೀನಿ, ಕೈಲಾಗುತ್ತೆ ಅಂದ್ರೆ ಓದಿಸ್ತೀನಿ, ಇಲ್ಲಾಂದ್ರೆ ಬಿಡಿಸ್ಬಿಡ್ತೀನಿ.

ಗಂಟೆ ತೊಳೆಯುತ್ತಿದ್ದಾರೆ, ಕರ್ಪೂರ ಬಂತು, ಆರತಿಯಾದರೆ ವಿಜಯದಶಮಿ ಕಳೆಯುವ ತನಕ ಯಾರೂ ಮುಟ್ಟುವಂತಿಲ್ಲ, ಆಮೇಲೆ ಮುನಿಶಾಮಮ್ಮ ಕೆಲಸ ಬಿಟ್ಟು ಬರುವವಳಲ್ಲ — ಎದ್ದು ನಿಂತೆ, ಕಂಪನಿಯ ಅತಿಥಿಗಳ ಎದುರಿಗೇ ಕೇಳಿದೆ, ಅವರ ಮುಖ ನೋಡಿ ಶ್ರೀಹರಿ ನಕ್ಕ, ಆಯ್ತು ಸಾರ್, ಮಂಗಳಾರತಿಗೆ ಮೊದಲು ಐದು ನಿಮಿಷ. ಖಾಲಿ ಬಿಳಿ ಪುಟವೊಂದನ್ನು ಅವನೇ ತೆರೆದುಕೊಟ್ಟ. ಸುಕನ್ಯ ಕುಳಿತಳು, ಕೈ ಒರೆಸಿಕೊಂಡಳು, ಬೆರಳು ಹೊರಟವು, ಎಸ್, ಯು, ಕೆ, ಎ, ಒಂದೂ ತಪ್ಪುತ್ತಿಲ್ಲ, ಎನ್, ವೈ, ಎ, ಪುಟದಲ್ಲಿ ಏನೂ ಇಲ್ಲ, ಮತ್ತೆ ಮೊದಲಿನಿಂದ, ಅದೇ ಕ್ರಮ, ಏನೂ ಇಲ್ಲ, ಹಿಂದಿನಿಂದ ಯಾರೋ ಹಾರ್ಮೋನಿಯಂ ನುಡಿಸ್ತಿದ್ದಾಳೆ ಮಗಾ ಎಂದ, ಕೋಣೆ ನಕ್ಕಿತು, ನೋಡಿದ್ರಾ ಸಾರ್ ಎಂದ ಶ್ರೀಹರಿ, ನಾನು ನೋಡಿದೆ, ಬೆರಳನ್ನು ನೋಡಿದೆ, ಅದು ಅಕ್ಷರದ ಮೇಲೆ ಕೂರುತ್ತದೆ, ಏಳುತ್ತದೆ, ಒತ್ತುವುದಿಲ್ಲ, ರಟ್ಟಿನಲ್ಲಿ ಒತ್ತುವುದು ಏನಿತ್ತು, ಮುಟ್ಟಿದರೆ ಮುಗಿಯಿತು. ಒತ್ತಬೇಕಮ್ಮ ಎಂದೆ. ಅವಳು ತಿರುಗಿದಳು, ಒತ್ತಿದ್ರೆ ಹಾಳಾಗಲ್ವಾ ಸಾರ್?

ಗಂಟೆ ಬಾರಿಸಿದರು. ಐದು ನಿಮಿಷ ಕೊಟ್ಟೆ, ಲೆಕ್ಕ ಚುಕ್ತಾ ಸಾರ್, ಶ್ರೀಹರಿ ಅವಳ ಕುರ್ಚಿಯನ್ನು ಹಿಂದಕ್ಕೆಳೆಯುತ್ತಿದ್ದಾನೆ, ಬಾರೇ ಹೋಗೋಣ, ತಾಯಿಯ ದನಿ, ಚುಕ್ತಾ ಎಲ್ಲಿ ಆಯಿತು, ಮುಟ್ಟಲು ಮಾತ್ರ ಕಲಿಸಿ ಒತ್ತಲಿಲ್ಲವೆಂದು ನಗುವವರೇ, ಹೊಲ ಅವರದು, ಹಲಗೆ ನಿಮ್ಮದು, ಈ ತ್ರೈರಾಶಿಯನ್ನು ಯಾರು ಬಿಡಿಸುತ್ತೀರಿ, ನನ್ನ ಮಾತೂ ಬಾಕಿ, ನಿಮ್ಮದೂ ಬಾಕಿ — ಕರ್ಪೂರದ ಬೆಳಕು, ಗಾಜಿನ ಮೇಲೆ ಕುಂಕುಮ ಜಾರುತ್ತಿದೆ, ಬಿಳಿ ಪುಟದ ಮೊದಲ ಸಾಲಿಗೆ ಬಂದು ನಿಂತಿದೆ, ಕೆಳಗೆ, ಎಸ್ ಅಕ್ಷರದ ಮೇಲೆ, ಇನ್ನೂ ತೆಗೆಯದ ಬೆರಳು, ಒತ್ತದ ಬೆರಳು,