ಖಾತೆದಾರರೇ ಮಾತನಾಡಬೇಕು

ಕವರಕ್ಕನಿಗೆ ಗಂಡಸಿನ ಗಂಟಲು. ಸೋಫಾ, ಕುರ್ಚಿಗಳಿಗೆ ಕವರು ಹೊಲಿಯುತ್ತಾಳೆಂದು ಬೀದಿಯವರು ಇಟ್ಟ ಹೆಸರು ಅದು. ಗಂಟಲು ಮಾತ್ರ ಹುಟ್ಟಿನಿಂದ ಬಂದದ್ದು. ಎದುರಿಗೆ ನಿಂತು ಮಾತಾಡುವವರಿಗೆ ಏನೂ ಅನಿಸುವುದಿಲ್ಲ. ಫೋನಿನಲ್ಲಾದರೆ ಆ ಕಡೆಯವರು ‘ಹೇಳಿ ಸಾರ್’ ಎಂದೇ ಶುರು ಮಾಡುತ್ತಾರೆ. ಮೊದಮೊದಲು ತಿದ್ದುತ್ತಿದ್ದಳು, ಆಮೇಲೆ ರೇಗುತ್ತಿದ್ದಳು, ಈಗ ಬಿಟ್ಟಿದ್ದಾಳೆ. ತಾನು ಹೆಂಗಸು ಅಂತ ಎಷ್ಟು ಜನರಿಗೆ ಸಾಬೀತು ಮಾಡುತ್ತಾ ಕೂರುವುದು?

ಅವತ್ತು ಬೆಳಿಗ್ಗೆ ಎದ್ದರೆ ಮನೆಯ ಇಂಟರ್ನೆಟ್ ಸತ್ತುಬಿದ್ದಿತ್ತು. ಗೋಡೆಯ ಮೇಲಿನ ಡಬ್ಬಿಯಲ್ಲಿ ಹಸಿರು ದೀಪದ ಬದಲು ಕೆಂಪು ದೀಪ. ಬೇರೆಯವರ ಮನೆಯಲ್ಲಾದರೆ ಮಕ್ಕಳು ಎರಡು ದಿನ ಗೊಣಗಿ ಸುಮ್ಮನಾಗುವಂಥ ವಿಷಯ. ಇವರ ಮನೆಯಲ್ಲಿ ಹಾಗಲ್ಲ. ಎರಡೂ ಕಡೆ ಎತ್ತರದ ಕಟ್ಟಡಗಳು ಒತ್ತಿಕೊಂಡಿರುವುದರಿಂದ ಒಳಗೆ ಮೊಬೈಲಿಗೆ ಸಿಗ್ನಲ್ ಇಲ್ಲ. ಯಾರ ಕರೆ ಬಂದರೂ ಆ ಇಂಟರ್ನೆಟ್ಟಿನ ಮೂಲಕವೇ ಬರಬೇಕು. ಅವಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದದ್ದು ಒಂದೇ ಒಂದು ಕರೆಗೆ, ಗಂಡನದು.

ಗಂಡ ಲಿಫ್ಟ್ ಮೆಕ್ಯಾನಿಕ್ಕು. ಎರಡು ತಿಂಗಳ ಹಿಂದೆ, ಬೇರೆ ಊರಿನಲ್ಲಿ ದೊಡ್ಡ ಆಸ್ಪತ್ರೆ ಕಟ್ಟುತ್ತಿದ್ದಾರೆ, ಲಿಫ್ಟ್ ಕೂರಿಸಬೇಕು ಅಂತ ಚೀಲ ಹಾಕಿಕೊಂಡು ಹೊರಟವನು. ಮೊದಲು ದಿನಾ ಫೋನ್ ಮಾಡುತ್ತಿದ್ದ, ಆಮೇಲೆ ದಿನ ಬಿಟ್ಟು ದಿನ, ಈಗ ಮೂರು ವಾರದಿಂದ ಸದ್ದೇ ಇಲ್ಲ. ಫೋನ್ ಸ್ವಿಚ್ ಆಫ್. ಕಂಟ್ರಾಕ್ಟರನ್ನು ಕೇಳಿದರೆ, “ಇಲ್ಲಿನ ಕೆಲಸ ಮುಗಿಸಿ ಹೋದ್ನಲ್ಲ ಸಾರ್, ಬೇರೆ ಸೈಟ್ ಹಿಡಿದಿರಬೇಕು” ಎಂದಿದ್ದ. ಅವಳ ಮನಸ್ಸು ಮಾತ್ರ ಸುಮ್ಮನಿರಲೊಲ್ಲದು. ಮಿಷನ್ ತುಳಿಯುತ್ತಾ ಕೂತರೆ ಸೂಜಿ ಕಾಣುವುದಿಲ್ಲ, ಲಿಫ್ಟ್ ಓಡಾಡುವ ಕತ್ತಲ ಬಾವಿಯೇ ಕಾಣುತ್ತದೆ.

“ಟವರ್ ಇಲ್ಲದ ಜಾಗ ಇರ್ಬೇಕು ಕಣೇ” ಎನ್ನುತ್ತಿದ್ದರು ಅತ್ತೆ. ಹಲ್ಲಿನ ಡಾಕ್ಟರ ಷಾಪಿನಿಂದ ಬಂದಿದ್ದ ಹಳೇ ಕುರ್ಚಿ ಕವರುಗಳ ಹೊಲಿಗೆ ಬಿಚ್ಚುವುದು ಅವರ ಪಾಲಿನ ಕೆಲಸ. ಬ್ಲೇಡು ಹಿಡಿದ ಕೈ ಒಂದು ದಿನವೂ ಬಟ್ಟೆ ಕುಯ್ದದ್ದಿಲ್ಲ. “ನೆಟ್ ಸರಿಯಾಗ್ಲಿ, ಇವತ್ತೋ ನಾಳೆಯೋ ಮಾಡೇ ಮಾಡ್ತಾನೆ.”

“ಈಗಲೇ ಮಾಡ್ತಿದ್ರೆ? ಸಿಗ್ತಿಲ್ಲ ಅಂತ ಸುಮ್ಮನಾಗ್ಬಿಟ್ರೆ?”

ಎದ್ದಳು. ಫೋನ್ ಹಿಡಿದು ಹೊರಗಿನ ಮೆಟ್ಟಿಲಿಗೆ ಬಂದಳು. ಮೆಟ್ಟಿಲು ತಿರುಗುವಲ್ಲಿ ಒಂದು ಕಿಟಕಿ, ಆ ಕಿಟಕಿಗೆ ಭುಜ ಒತ್ತಿ ನಿಂತರೆ ಎರಡು ಕಡ್ಡಿ ಸಿಗ್ನಲ್ ಬರುತ್ತದೆ. ಕಂಪನಿಯ ನಂಬರ್ ಒತ್ತಿದಳು. ಒಂದನ್ನು ಒತ್ತಿ, ಮೂರನ್ನು ಒತ್ತಿ, ಮತ್ತೆ ಒಂದನ್ನು ಒತ್ತಿ. ಪಿಟೀಲು ಕೇಳಿಸುತ್ತಿತ್ತು, ನಡುನಡುವೆ ಒಬ್ಬಳು ಹೇಳುತ್ತಿದ್ದಳು, ನಿಮ್ಮ ಕರೆ ನಮಗೆ ಅಮೂಲ್ಯ. ಅಮೂಲ್ಯವಾದದ್ದನ್ನು ಯಾರಾದರೂ ಹೀಗೆ ಬಾಗಿಲಲ್ಲಿ ನಿಲ್ಲಿಸುತ್ತಾರಾ? ಕೊನೆಗೊಬ್ಬ ಹುಡುಗ ಸಿಕ್ಕಿದ.

“ನಮಸ್ಕಾರ ಸರ್, ನನ್ನಿಂದ ಏನು ಸಹಾಯ ಆಗ್ಬೇಕು?”

ಅವತ್ತು ತಿದ್ದಿದಳು. “ಸರ್ ಅಲ್ಲಪ್ಪ. ಕನೆಕ್ಷನ್ ನಮ್ಮ ಮನೆಯವರ ಹೆಸರಲ್ಲಿದೆ, ನಾನು ಅವರ ಹೆಂಡತಿ. ಬೆಳಿಗ್ಗೆಯಿಂದ ನೆಟ್ ಬರ್ತಿಲ್ಲ.”

“ಕ್ಷಮಿಸಿ ಮೇಡಂ, ಈ ಖಾತೆ ಬಗ್ಗೆ ನಾವು ಖಾತೆದಾರರ ಹತ್ರ ಮಾತ್ರ ಮಾತಾಡ್ಬಹುದು.”

“ಖಾತೆದಾರರು ಊರಲ್ಲಿಲ್ಲ.”

“ಪರವಾಗಿಲ್ಲ ಮೇಡಂ, ಎಲ್ಲಿಂದ ಬೇಕಾದ್ರೂ ಫೋನ್ ಮಾಡ್ಬಹುದು.”

“ಅಯ್ಯೋ, ಕಟ್ಟಿಕೊಂಡ ನನಗೇ ಮಾಡ್ತಿಲ್ಲ, ನಿಮಗೆ ಮಾಡ್ತಾರಾ?”

“ಖಾತೆದಾರರೇ ಮಾತನಾಡಬೇಕು ಮೇಡಂ. ಇನ್ನೇನಾದ್ರೂ ಸಹಾಯ ಬೇಕಾ?”

ಏನೂ ಸಹಾಯ ಮಾಡದೆ ಇನ್ನೇನಾದರೂ ಸಹಾಯ ಬೇಕಾ ಎನ್ನುವುದನ್ನು ಯಾವ ಶಾಲೆಯಲ್ಲಿ ಕಲಿಸುತ್ತಾರೋ. ಫೋನ್ ಇಟ್ಟಳು. ಕಾಲು ಸುಟ್ಟ ಬೆಕ್ಕಿನ ಹಾಗೆ ಮೆಟ್ಟಿಲು ಇಳಿದಳು, ಹತ್ತಿದಳು. ಒಳಗೆ ಹೋಗಿ ದೀಪ ನೋಡಿದಳು, ಕೆಂಪೇ. ಅತ್ತೆ ತಲೆಯೆತ್ತಿ “ಏನಂದ್ರು?” ಎಂದರು. “ದೇವರು ವರ ಕೊಟ್ರೂ ಪೂಜಾರಿ ಕೊಡ” ಎಂದು ಮತ್ತೆ ಹೊರಗೆ ಬಂದಳು. ಎರಡನೇ ಸಲ ಸಿಕ್ಕವಳು ಹುಡುಗಿ.

“ನಮಸ್ಕಾರ ಸರ್.”

ಕವರಕ್ಕ ಈ ಸಲ ತಿದ್ದಲಿಲ್ಲ. ಗಂಡ ಮಾತಾಡುವ ಮುಂಚೆ ಗಂಟಲು ಕೆರೆಯುವಂತೆ ತಾನೂ ಕೆರೆದಳು. “ಹಾಂ, ನಮಸ್ಕಾರ. ನಮ್ಮ ಮನೇಲಿ ನೆಟ್ ಬರ್ತಿಲ್ಲ.”

ಹುಡುಗಿ ಹೆಸರು ಕೇಳಿದಳು, ಕವರಕ್ಕ ಗಂಡನ ಹೆಸರು ಹೇಳಿದಳು. ಹುಟ್ಟಿದ ತಾರೀಕು ಕೇಳಿದಳು, ಅದನ್ನೂ ಹೇಳಿದಳು. ಗಂಡನ ಹುಟ್ಟಿದ ತಾರೀಕು ಗಂಡನಿಗಿಂತ ಹೆಂಡತಿಗೇ ಚೆನ್ನಾಗಿ ನೆನಪಿರುತ್ತದೆ. ಹುಡುಗಿ ಕೀಲಿಮಣೆ ಟಕಟಕ ಒತ್ತಿ, ಸಂತೋಷದ ಸುದ್ದಿ ಕೊಡುವವಳಂತೆ ಹೇಳಿದಳು:

“ಸರ್, ಹಳೇ ಮನೆಯಲ್ಲಿ ಬರೋದಿಲ್ಲ ಸರ್. ನೀವು ಸೋಮವಾರ ಫೋನ್ ಮಾಡಿ ಹೊಸ ಮನೆಗೆ ಶಿಫ್ಟ್ ಮಾಡಿ ಅಂದಿದ್ರಲ್ಲ, ಅದಕ್ಕೆ ನಿನ್ನೆ ರಾತ್ರಿ ಅಲ್ಲಿ ನಿಲ್ಲಿಸಿದ್ದೀವಿ.”

ಸೋಮವಾರ. ಅಂದರೆ ಬದುಕಿದ್ದಾನೆ. ಕವರಕ್ಕನಿಗೆ ಮೊದಲು ಹೊಳೆದದ್ದು ಅದೇ. ಬಾವಿಗೆ ಬಿದ್ದಿಲ್ಲ, ಆಸ್ಪತ್ರೆಯಲ್ಲಿಲ್ಲ, ಬದುಕಿದ್ದಾನೆ. ಅದರ ಬೆನ್ನಿಗೇ ಎರಡನೆಯದು ಬಂತು. ಹೆಂಡತಿಗೆ ಮಾಡದ ಫೋನನ್ನು ಈ ಮಹಾರಾಯ ಕಸ್ಟಮರ್ ಕೇರಿಗೆ ಮಾಡಿದ್ದಾನೆ.

“ಸರ್, ಲೈನಲ್ಲಿ ಇದೀರಾ?”

“ಇದೀನಿ.” ಗಂಟಲು ಇನ್ನೂ ದಪ್ಪವಾಗಿತ್ತು, ಈಗ ನಟಿಸುವ ಅಗತ್ಯವಿರಲಿಲ್ಲ. “ಹೊಸ ಮನೆ ವಿಳಾಸ ಏನಂತ ಬರ್ಕೊಂಡಿದೀರಾ? ಒಂದ್ಸಲ ಓದಿ.”

“ಅದನ್ನ ನೀವು ಹೇಳ್ಬೇಕು ಸರ್. ಸೆಕ್ಯೂರಿಟಿಗೋಸ್ಕರ.”

“ಹೊಸ ಜಾಗ ತಾಯೀ, ಬಾಯಿಗೆ ಬರ್ತಿಲ್ಲ.”

“ತೊಂದ್ರೆ ಇಲ್ಲ ಸರ್, ನಮ್ಮ ಟೆಕ್ನಿಷಿಯನ್ ಹತ್ರ ವಿಳಾಸ ಇದೆ. ಇವತ್ತು ಮಧ್ಯಾಹ್ನ ಬರ್ತಾರೆ. ನಿಮ್ಮ ಹೊಸ ನಂಬರಿಗೆ ಫೋನ್ ಮಾಡ್ತಾರೆ.”

ಹೊಸ ನಂಬರು ಬೇರೆ! ಕವರಕ್ಕ ಕಿಟಕಿಯ ಸರಳು ಹಿಡಿದುಕೊಂಡಳು. ಬಟ್ಟೆ ಸಾಲದೆ ಬಂದಾಗ ಎಲ್ಲಿ ಜೋಡಿಸಬೇಕು ಅಂತ ಅವಳ ತಲೆ ಚುರುಕಾಗಿ ಓಡುತ್ತದೆ, ಆಗಲೂ ಓಡಿತು. “ಆ ಫೋನ್ ಸರಿಯಿಲ್ಲ. ಈಗ ಮಾತಾಡ್ತಿದೀನಲ್ಲ, ಈ ನಂಬರಿಗೆ ಮಾಡಕ್ಕೆ ಹೇಳಿ. ಮನೆ ಮುಂದೆ ಬಂದ್ಮೇಲೆ ಮಾಡ್ಲಿ.”

“ಖಂಡಿತ ಸರ್. ಹೊಸ ಮನೆಗೆ ಶುಭಾಶಯಗಳು ಸರ್.”

ಶುಭಾಶಯವಂತೆ! ಗಾಯದ ಮೇಲೆ ಉಪ್ಪು ಎರಚುವುದಕ್ಕೂ ಈ ಕಂಪನಿಯವರು ತರಬೇತಿ ಕೊಟ್ಟಿರಬೇಕು.

ಅತ್ತೆಗೆ ಏನು ಹೇಳುವುದು? “ಯಾರೋ ಬರ್ತಾರಂತೆ” ಎಂದಷ್ಟೇ ಹೇಳಿ ಸ್ಟೂಲು ತಂದು ಮೆಟ್ಟಿಲ ತಿರುವಿನಲ್ಲಿ ಹಾಕಿಕೊಂಡು ಕೂತಳು. ಕೈಗೆ ಕೆಲಸ ಇರಲಿ ಅಂತ ಕುರ್ಚಿ ಕವರಿಗೆ ಪಟ್ಟಿ ಹೊಲಿಯತೊಡಗಿದಳು. ಹೊಲಿದ ಪಟ್ಟಿ ಸೊಟ್ಟ ಬಂತು, ಬಿಚ್ಚಿದಳು. ಮತ್ತೆ ಸೊಟ್ಟ. ಮೇಲಿನ ಮನೆಯ ಟೀಚರು ಇಳಿದು ಬಂದು, “ಏನಕ್ಕಾ, ಅಂಗಡಿ ಮೆಟ್ಟಿಲಿಗೆ ಶಿಫ್ಟ್ ಆಯ್ತಾ?” ಎಂದು ನಕ್ಕರು. ಶಿಫ್ಟ್ ಎಂಬ ಮಾತು ಕೇಳಿಯೇ ಅವಳಿಗೆ ಮೈ ಉರಿಯಿತು.

ಯಾರು ಇರಬಹುದು ಆ ಮನೆಯಲ್ಲಿ? ಯಾವಳು? ಅವಳ ದನಿ ಹೇಗಿರಬಹುದು, ಕೊಳಲಿನ ಹಾಗೆ ಸಣ್ಣಗೆ? ಆಮೇಲೆ ಮನಸ್ಸು ಇನ್ನೊಂದು ಕಡೆ ಹೊರಳಿತು. ಇಂಟರ್ನೆಟ್ಟನ್ನು ನೆನಪಿಟ್ಟುಕೊಂಡು ಹೊಸ ಮನೆಗೆ ಒಯ್ಯುವವನು ಹೆತ್ತ ತಾಯಿಯನ್ನು ಒಯ್ಯಲು ಮರೆತನಲ್ಲ! ಒಂದು ಗಳಿಗೆ ಅವಳಿಗೆ ನಿಜವಾಗಿಯೂ ಅನಿಸಿತು, ವಿಳಾಸ ಸಿಗಲಿ, ಮುದುಕಿಯನ್ನು ಆಟೋದಲ್ಲಿ ಕೂರಿಸಿ ಅವನ ಬಾಗಿಲಿಗೆ ಇಳಿಸಿ ಬರುತ್ತೇನೆ. ಒಳಗಿನಿಂದ ಅತ್ತೆ, “ಗಾಳಿಯಲ್ಲಿ ಕೂತಿದೀಯ, ಶಾಲು ಕೊಡ್ಲೇನೇ?” ಎಂದು ಕೂಗಿದರು. “ಕೊಡಿ ಅತ್ತೆ” ಎಂದಳು.

ಊಟದ ಹೊತ್ತು ಮೀರಿದ ಮೇಲೆ ಫೋನ್ ಬಂತು.

“ಸರ್, ನೆಟ್ ಹಾಕಕ್ಕೆ ಬಂದಿದೀನಿ. ಮನೆ ಹುಡುಕ್ತಿದೀನಿ.”

“ಎಲ್ಲಿದೀಯಪ್ಪ ಈಗ?”

“ಟೈರ್ ಅಂಗಡಿ ಪಕ್ಕದ ಸಂದಿಯಲ್ಲಿ ಸರ್. ಎದುರಿಗೆ ಫೋಮ್ ಗೋಡೌನ್ ಇದೆ.”

ಕವರಕ್ಕನ ಕೈಯಿಂದ ಕತ್ತರಿ ಜಾರಿ ಮೆಟ್ಟಿಲ ಮೇಲೆ ಬಿತ್ತು. ಫೋಮ್ ಗೋಡೌನ್ ಅವಳಿಗೆ ಗೊತ್ತಿಲ್ಲದ್ದೇ? ಪ್ರತಿ ವಾರ ಅಲ್ಲಿಗೇ ಹೋಗಿ ಹಾಳೆ ಹಾಳೆ ಫೋಮು ಹೊತ್ತು ತರುತ್ತಾಳೆ. ಮೊನ್ನೆ ಗುರುವಾರ ಅದೇ ಟೈರ್ ಅಂಗಡಿಯ ಮುಂದೆ ಬಸ್ಸಿಗೆ ನಿಂತಿದ್ದಳು. ಇದೇ ಊರು. ಬೇರೆ ಊರಿಗೆ ಹೋಗಿದ್ದವನು ಎಂದೋ ವಾಪಸು ಬಂದಿದ್ದಾನೆ, ಮನೆಗೆ ಮಾತ್ರ ಬಂದಿಲ್ಲ.

“ನೀಲಿ ಬಾಗಿಲಾ ಸರ್? ಬೆಲ್ ಮಾಡ್ತಿದೀನಿ.”

“ಮಾಡು. ಬಾಗಿಲು ತೆಗೆದವರ ಕೈಗೆ ಫೋನ್ ಕೊಡು.”

“ಬಾಗಿಲು ತೆಗೆಯೋದು ನೀವೇ ಅಲ್ವಾ ಸರ್?”

“ಕೊಡಪ್ಪ, ಗೊತ್ತಾಗತ್ತೆ.”

ಬೆಲ್ಲಿನ ಸದ್ದು ಕೇಳಿಸಿತು. ಚಿಲಕ ತೆಗೆದದ್ದು, ಹುಡುಗ ಏನೋ ತೊದಲಿದ್ದು, ಆಮೇಲೆ ಗಂಟಲು ಕೆರೆದದ್ದು. “ಹಲೋ?”

“ರೀ, ನಾನು.”

“ಇವನ ಹತ್ರ ನಿನ್ನ ನಂಬರ್ ಹೇಗೆ ಬಂತು?” ಎಂದ. ಮೂರು ವಾರದ ಮೇಲೆ ಹೆಂಡತಿಯ ದನಿ ಕೇಳಿ ಆಡಿದ ಮೊದಲ ಮಾತು.

“ಹುಷಾರಾಗಿದೀರಾ?” ತನಗೆ ತಿಳಿಯದೆಯೇ ಕೇಳಿಬಿಟ್ಟಳು. ಕೇಳಿದ ಮೇಲೆ ತನ್ನ ಮೇಲೇ ಸಿಟ್ಟು ಬಂತು. “ಯಾರಿದಾರೆ ಅಲ್ಲಿ?”

“ಯಾರೂ ಇಲ್ಲ. ನಿನ್ನಾಣೆ ಕಣೇ, ಯಾರೂ ಇಲ್ಲ. ನನಗೇನೋ... ಒಬ್ಬನೇ ಇರ್ಬೇಕು ಅನ್ಸ್ತು. ಯಾರ ಮೇಲೂ ಕೋಪ ಇಲ್ಲ.”

ಅವಳಿಗೆ ಗೊತ್ತು, ಅವನು ಸುಳ್ಳು ಹೇಳುವಾಗ ದನಿ ಏರುತ್ತದೆ, ಈಗ ಏರಿರಲಿಲ್ಲ. ಒಬ್ಬಳು ಇದ್ದಿದ್ದರೆ ಬೈಯುವುದಕ್ಕೆ ಒಂದು ಮುಖವಾದರೂ ಸಿಗುತ್ತಿತ್ತು. ಯಾರೂ ಇಲ್ಲದ ಖಾಲಿ ಕೋಣೆಗಾಗಿ ಬಿಟ್ಟು ಹೋಗಿದ್ದಾನೆ ಎಂದರೆ ಯಾರನ್ನು ಬೈಯುವುದು?

“ಬರ್ತೀರೋ ಇಲ್ವೋ? ಒಂದು ಮಾತು ಹೇಳಿ.”

“ಈಗ ಈ ಹುಡುಗ ಕಾಯ್ತಿದಾನೆ. ಕೆಲಸ ಮುಗೀಲಿ.”

“ಬರ್ತೀರೋ, ಇಲ್ವೋ?”

ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳವಾಯಿತು. ಅತ್ತೆ ಕಂಬಿ ಹಿಡಿದು ಇಳಿದು ಬರುತ್ತಿದ್ದರು, ಸೆರಗಿಗೆ ಬಿಚ್ಚಿದ ನೂಲಿನ ಎಳೆಗಳು ಅಂಟಿದ್ದವು. “ಅವನೇನಾ?” ಎಂದು ಕೈ ಚಾಚಿದರು. ಮುಖ ಹೇಗೆ ಅರಳಿತ್ತೆಂದರೆ ಕವರಕ್ಕನಿಗೆ ನೋಡಲಾಗಲಿಲ್ಲ.

“ಅಮ್ಮ ಬಂದ್ರು. ಮಾತಾಡಿ.”

“ಬೇಡ, ಬೇಡ ಕಣೇ, ಅಮ್ಮನಿಗೆ ಈಗ ಕೊಡ್ಬೇಡ...”

ಕರೆ ಕಡಿದುಹೋಯಿತು. ಅಷ್ಟರಲ್ಲಿ ಫೋನ್ ಅತ್ತೆಯ ಕೈಗೆ ಹೋಗಿಯಾಗಿತ್ತು. ಕಟ್ಟಾಯಿತೆಂದು ಹೇಳಲು ಕವರಕ್ಕ ಬಾಯಿ ತೆರೆದಳು.

“ಹಲೋ, ಮಗಾ?” ಎಂದರು ಅತ್ತೆ. ಸ್ವಲ್ಪ ಹೊತ್ತು ಕೇಳಿಸಿಕೊಂಡರು. ಅವರ ಕಣ್ಣು ಒಮ್ಮೆ ಕಿಟಕಿಯ ಕಡೆ, ಒಮ್ಮೆ ಸೊಸೆಯ ಕಡೆ ಹೋಯಿತು. ಆಮೇಲೆ ತಲೆಯಾಡಿಸಿದರು. “ಹೂಂ. ಹೂಂ ಮಗಾ. ಊಟ ಸರಿಯಾಗಿ ಮಾಡ್ತಿದೀಯ ತಾನೆ? ನನ್ನ ಮಂಡಿಗೇನು, ಇದ್ದದ್ದೇ. ಇವಳಾ? ಇಲ್ಲೇ ಇದಾಳೆ. ಹೂಂ. ಆಯ್ತು, ಹಾಗೇ ಹೇಳ್ತೀನಿ.”

ಅವರ ಕೆನ್ನೆಯ ಪಕ್ಕದಲ್ಲಿ ಫೋನಿನ ಪರದೆ ಬೆಳಗುತ್ತಿತ್ತು. ಅದರಲ್ಲಿ ಕರೆ ಇರಲಿಲ್ಲ. ಕವರಕ್ಕ ಹೋದ ವರ್ಷ ಹೊಲಿದ ಕೆಂಪು ಸೋಫಾದ ಚಿತ್ರವಷ್ಟೇ ಇತ್ತು. ಪಾಪ, ಅರುಳುಮರುಳಿಗೆ ಕಟ್ಟಾದದ್ದು ತಿಳಿಯಲಿಲ್ಲ ಎಂದುಕೊಂಡಳು ಮೊದಲು. ಅತ್ತೆ ಫೋನನ್ನು ಕಿವಿಯಿಂದ ತೆಗೆದು, ಆರಿಸುವ ಗುಂಡಿ ಹುಡುಕದೆ, ಹಾಗೆಯೇ ಅವಳ ಕೈಗಿಟ್ಟ ರೀತಿ ನೋಡಿದ ಮೇಲೆ ಅರ್ಥವಾಯಿತು. ಮುದುಕಿಗೆ ಎಲ್ಲ ಗೊತ್ತು. ಬೇಡ ಬೇಡ ಎಂದದ್ದೂ ಕೇಳಿಸಿದೆ.

“ಏನಂದ್ರು?” ಎಂದು ಕೇಳಿದಳು. ಕೇಳದೆ ಇನ್ನೇನು ಮಾಡುವುದೆಂದು ಅವಳಿಗೆ ತಿಳಿಯಲಿಲ್ಲ.

“ಬರೋದು ತಡ ಆಗತ್ತಂತೆ. ಬಹಳ ತಡ.” ಅತ್ತೆಯ ಗದ್ದ ನಡುಗುತ್ತಿತ್ತು, ಮಾತು ನಡುಗಲಿಲ್ಲ. “ಅಲ್ಲೀತನಕ ಅವಳನ್ನ ಚೆನ್ನಾಗಿ ನೋಡ್ಕೋ, ಬಿಟ್ಟು ಎಲ್ಲಿಗೂ ಹೋಗ್ಬೇಡ ಅಂದ.”

ಕವರಕ್ಕ ಅತ್ತಳು. ಆ ದಪ್ಪ ದನಿಯಲ್ಲಿ, ಮೆಟ್ಟಿಲೆಲ್ಲ ಮೊಳಗುವ ಹಾಗೆ ಅತ್ತಳು. ಕೆಳಗಿನ ಮನೆಯವರು ಯಾರೋ ಗಂಡಸು ಅಳುತ್ತಿದ್ದಾನೆಂದು ಬಾಗಿಲು ತೆಗೆದು ನೋಡಿ, ಮತ್ತೆ ಮೆಲ್ಲಗೆ ಹಾಕಿಕೊಂಡರು. ಅತ್ತೆ ಕಂಬಿ ಹಿಡಿದು ಕಷ್ಟಪಟ್ಟು ಒಂದು ಮೆಟ್ಟಿಲ ಮೇಲೆ ಕೂತು, ಅವಳ ಅಳು ಮುಗಿಯುವ ತನಕ ತಮ್ಮ ಸೆರಗಿನ ನೂಲೆಳೆಗಳನ್ನು ಒಂದೊಂದಾಗಿ ಕಿತ್ತರು.

“ಮೂಗು ಒರೆಸ್ಕೋ” ಎಂದರು ಆಮೇಲೆ. “ನಾಳೆ ಬೇರೆ ನೆಟ್ ಹಾಕ್ಸು, ನಿನ್ನ ಹೆಸರಲ್ಲೇ. ಇನ್ನು ಮೇಲೆ ಈ ಕಿಟಕಿ ಹತ್ರ ನಿಂತು ಯಾರಿಗೂ ಕಾಯ್ಬೇಡ.”

“ಇದನ್ನೂ ಅವರೇ ಹೇಳಿದ್ರಾ ಅತ್ತೆ?”

“ಇಲ್ಲ” ಎಂದರು ಅತ್ತೆ, ಏಳಲು ಅವಳ ಕೈ ಹಿಡಿಯುತ್ತಾ. “ಇದು ನಾನು ಹೇಳ್ತಿರೋದು.”