ಕೋಳಿಯಾದ ನವಿಲು

ಬೇಡದ್ದೊಂದು ಕಣ್ಣಿಗೆ ಬಿದ್ದರೆ ಅದನ್ನು ಕಿತ್ತು ಬಿಸಾಕುವ ತನಕ ಸ್ನೇಹಾಳಿಗೆ ತಿಂದ ಅನ್ನ ಅರಗುತ್ತಿರಲಿಲ್ಲ. ಹೊಸ ಸ್ಟೀಲ್ ಡಬ್ಬಿಯ ಮೇಲಿನ ಚೀಟಿಯನ್ನು ಉಗುರಿನಿಂದ ಕೆರೆದು, ಉಳಿದ ಅಂಟನ್ನು ಸೀಮೆಎಣ್ಣೆ ಹಚ್ಚಿ ತಿಕ್ಕಿ, ಆಮೇಲೇ ಒಳಗೆ ಸಕ್ಕರೆ ತುಂಬುವವರ ಪೈಕಿ ಅವಳು. ಬನಹಟ್ಟಿಯಿಂದ ರಬಕವಿಗೆ ಸೊಸೆಯಾಗಿ ಬಂದ ಮೊದಲ ವಾರವೇ ಅತ್ತೆಯ ಮಸಾಲೆ ಗೂಡಿನಿಂದ ಒಂದು ಬುಟ್ಟಿ ಹಳೆಯ ಪೊಟ್ಟಣ ಹೊರಗೆ ಹೋದವು. ಅವುಗಳಲ್ಲಿ ಒಂದರಲ್ಲಿ ಅತ್ತೆ ಬೋರವ್ವ ಜೋಪಾನವಾಗಿ ಇಟ್ಟುಕೊಂಡಿದ್ದ ಕೇಸರಿ ಇತ್ತು. ಆ ಕೇಸರಿಯ ಮಾತು ಈಗಲೂ ಹಬ್ಬಹುಣ್ಣಿಮೆಗೆ ಏಳುತ್ತದೆ.

ಇಂಥವಳ ಕೈಗೆ ನಾದಿನಿಯ ಮದುವೆ ಸೀರೆ ಸಿಕ್ಕಿತು.

ನಾದಿನಿ ದಾನೇಶ್ವರಿಯನ್ನು ಮುಧೋಳಕ್ಕೆ ಕೊಡುವುದಾಗಿತ್ತು. ಅಕ್ಕಿಕಾಳು ಬೀಳುವ ಹೊತ್ತಿಗೆ ಉಡುವ ಸೀರೆ ನಾವೇ ತರುತ್ತೇವೆ ಎಂದು ಬೀಗರು ಹೇಳಿದಾಗ ಹುಡುಗಿ ಎಲ್ಲರೆದುರು, "ಬ್ಯಾಡ್ರಿ, ನಮ್ಮ ವೈನಿ ನವಿಲಿನ ಸೀರಿ ನೇಯತಾಳ, ನಾ ಅದನ್ನ ಉಡಾಕಿ" ಎಂದುಬಿಟ್ಟಿದ್ದಳು. ನೇಕಾರರ ಮನೆಯ ಮಗಳು ಮನೆಯ ಮಗ್ಗದ್ದೇ ಉಡಬೇಕು ಎಂಬುದು ಸರಿಯೇ. ಆದರೆ ಮೊನ್ನೆ ಮೊನ್ನೆ ಬಂದ ಸೊಸೆಯ ಮೇಲೆ ಇಷ್ಟು ಭಾರ ಹೊರಿಸಿದ್ದು ಬೋರವ್ವನಿಗೆ ಹಿಡಿಸಲಿಲ್ಲ. ಯಾರಿಗೂ ಹೇಳದೆ ಜಮಖಂಡಿಗೆ ಹೋಗಿ ಅಂಗಡಿಯ ಸೀರೆಯೊಂದನ್ನು ತಂದು ಟ್ರಂಕಿನಲ್ಲಿಟ್ಟಳು. ಅದು ಸ್ನೇಹಾಳಿಗೆ ಗೊತ್ತಾಯಿತು. ಟ್ರಂಕಿನ ಸೀರೆ ಟ್ರಂಕಿನಲ್ಲೇ ಉಳಿಯಬೇಕು ಎಂಬ ಹಟ ಅವಳೊಳಗೆ ಅಂದೇ ಕೂತಿತು.

ಮನೆಯ ಹಿಂದಿನ ಕೋಣೆಯ ಕರೆಂಟಿನ ಮಗ್ಗಕ್ಕೆ ಈಗ ಚಿತ್ರ ಮೂಡಿಸುವ ತೂತಿನ ರಟ್ಟಿನ ಕಾರ್ಡುಗಳಿಲ್ಲ. ಮೇಲೊಂದು ಕಪ್ಪು ಪೆಟ್ಟಿಗೆ ಕೂತಿದೆ. ಪೆನ್‌ಡ್ರೈವ್ ಸಿಕ್ಕಿಸಿದರೆ ಅದರೊಳಗಿನ ಕಡತವನ್ನು ಸಾಲುಸಾಲಾಗಿ ಓದಿ, ಯಾವ ಎಳೆ ಎತ್ತಬೇಕು ಯಾವುದು ಬಿಡಬೇಕು ಎಂದು ಮಗ್ಗಕ್ಕೆ ಹೇಳುತ್ತದೆ. ಕಡತದ ಒಂದು ಸಾಲು ಎಂದರೆ ಬಟ್ಟೆಯಲ್ಲಿ ಅಡ್ಡ ಹೋಗುವ ಒಂದು ಹೊಕ್ಕು. ಸ್ನೇಹಾ ನವಿಲನ್ನು ಪುಕ್ಕಟೆ ಸಿಕ್ಕ ತಂತ್ರಾಂಶವೊಂದರಲ್ಲಿ ಕೂತು ಚುಕ್ಕಿ ಚುಕ್ಕಿ ಇಟ್ಟು ಬರೆದಿದ್ದಳು. ಪುಕ್ಕಟೆಯದ್ದು ಸುಮ್ಮನಿರುತ್ತದೆಯೇ? ನಾಲ್ಕು ಸಾಲಿಗೊಮ್ಮೆ ಒಂದು ಜಾಹೀರಾತು ತುರುಕಿತ್ತು: 'ಇದು ಪ್ರಾಯೋಗಿಕ ಆವೃತ್ತಿ, ಪೂರ್ಣ ಆವೃತ್ತಿ ಕೊಳ್ಳಿರಿ.' ಅಂಥ ಸಾಲು ಬಂದಾಗಲೆಲ್ಲ ಕಪ್ಪು ಪೆಟ್ಟಿಗೆ ಕುಂಯ್ ಎಂದು ಮಗ್ಗ ನಿಲ್ಲಿಸುತ್ತಿತ್ತು.

ಮದುವೆಗೆ ಎರಡು ದಿನ ಉಳಿದಿದ್ದ ಆ ಬೆಳಿಗ್ಗೆ ಮಾವ ಮಹಾಲಿಂಗಪ್ಪ ಮಗ್ಗದ ಮುಂದೆ ತಲೆಯ ಮೇಲೆ ಕೈಹೊತ್ತು ಕೂತಿದ್ದರು.

"ಒಂದೊಂದ ಸಾಲ ಹುಡುಕಿ ಅಳಸೂದಂದ್ರ ಮದವಿ ಮುಗದ ಹೋಗತೈತಿ ಬಿಡವ್ವಾ."

"ಒಂದೊಂದ ಯಾಕ್ರಿ ಮಾಮಾ?" ಎಂದಳು ಸ್ನೇಹಾ. ಡಿಗ್ರಿ ಓದುವಾಗ ಕಲಿತದ್ದು ಬೆರಳ ತುದಿಯಲ್ಲಿತ್ತು. ಲ್ಯಾಪ್‌ಟಾಪಿನಲ್ಲಿ ಕಪ್ಪು ಪರದೆ ತೆರೆದು ಟೈಪಿಸಿದಳು:

sed -i '/^#/d' navilu.txt

"ಏನಂತ ಬರದಿ?"

"ಸೆಡ್ ಅನ್ನೂದು ಹೇಳಿದ್ದ ಮಾಡೂ ಆಳ ಇದ್ದಂಗರಿ. ಜಾಹೀರಾತೆಲ್ಲಾ ಈ ಜಾಳಿಗಿ ಗುರುತಿನಿಂದ ಸುರು ಆಗತಾವ. ಈ ಗುರುತಿನಿಂದ ಸುರು ಆಗೂ ಸಾಲೆಲ್ಲಾ ತಗದ ಒಗಿ ಅಂತ ಅದಕ್ಕ ಹೇಳೇನಿ. ಕಡೀಗಿರೂ ಡಿ ಅಂದ್ರ ಅಳಸು."

ಎಂಟರ್ ಒತ್ತಿದಳು. ಪರದೆ ಒಂದು ಮಾತೂ ಆಡಲಿಲ್ಲ. ಮಹಾಲಿಂಗಪ್ಪ ಇನ್ನೂ ಶುರುವಾಗಿಲ್ಲವೆಂದು ಕಾಯುತ್ತಿದ್ದರು. ಅಷ್ಟರಲ್ಲಿ ಮುಗಿದೇ ಹೋಗಿತ್ತು. ಪೆನ್‌ಡ್ರೈವ್ ಸಿಕ್ಕಿಸಿ ಹತ್ತು ಹೊಕ್ಕು ಓಡಿಸಿ ನೋಡಿದರೆ ಕುಂಯ್ ಇಲ್ಲ, ಗಿಂಯ್ ಇಲ್ಲ. ಮುದುಕರು ಹಿಗ್ಗಿ ಹೀರೇಕಾಯಿಯಾಗಿ ಅಂಗಳಕ್ಕೆ ಓಡಿದರು. ಅರಿಶಿನ ಕುಟ್ಟಲು ಬಂದ ಓಣಿಯ ಹೆಂಗಸರಿಗೆಲ್ಲ, "ನಮ್ಮ ಸೊಸಿ ಚಿಟಿಕಿ ಹೊಡಿಯೂದ್ರಾಗ ಸಾವಿರ ಸಾಲ ಅಳಸ್ತಾಳ" ಎಂದು ಸಾರಿದರು. ಇದ್ದದ್ದು ಇನ್ನೂರೂ ಇರಲಿಲ್ಲ.

ಅಲ್ಲಿಗೇ ಏಳಬೇಕಿತ್ತು. ಹೊಗಳಿಕೆ ಕಿವಿಗೆ ಬಿದ್ದ ಮೇಲೆ ಏಳುವವರು ಯಾರು? ಸ್ನೇಹಾ ಕಡತವನ್ನು ಮತ್ತೊಮ್ಮೆ ತೆರೆದು, ಮಿಂದ ಮಗುವನ್ನು ನೋಡುವ ಹಾಗೆ ಮೇಲಿಂದ ಕೆಳಗೆ ನೋಡಿದಳು. ಆಗ ಕಂಡವು ಖಾಲಿ ಸಾಲುಗಳು. ಒಂದು ಸಾಲು ಚುಕ್ಕಿ, ಒಂದು ಸಾಲು ಖಾಲಿ. ಒಂದು ನವಿಲು ಮುಗಿದು ಇನ್ನೊಂದು ಶುರುವಾಗುವ ತನಕ ಪರದೆಗಟ್ಟಲೆ ಬರೀ ಖಾಲಿ. ಹಳೆಯ ಕಾಯಿಲೆ ಕೆರಳಿತು. ಪುಕ್ಕಟೆ ತಂತ್ರಾಂಶದ ಇನ್ನೊಂದು ಕೊಳಕು ಎಂದುಕೊಂಡಳು. ಮತ್ತೆ ಅದೇ ಆಳನ್ನು ಕರೆದು, ಆದಿಗೂ ಅಂತ್ಯಕ್ಕೂ ನಡುವೆ ಏನೂ ಇಲ್ಲದ ಸಾಲೆಲ್ಲ ತೆಗೆ ಎಂದಳು:

sed -i '/^$/d' navilu.txt

ಕಡತ ಅರ್ಧಕ್ಕಿಂತ ಕಡಿಮೆಯಾಯಿತು. ಎಷ್ಟು ಲಕ್ಷಣ! ಮೂಲದ ನಕಲೊಂದನ್ನು ಎತ್ತಿಡಬೇಕೆಂಬ ಯೋಚನೆ ಬಂತು. ನಕಲೆಂದರೂ ಕಸವೇ ಅನಿಸಿ ಬಿಟ್ಟಳು. ಮಗ್ಗ ಚಾಲೂ ಮಾಡಿ, ಉದ್ದಕ್ಕೆ ಹೋಗುವ ಹಾಸಿನ ಎಳೆ ಹರಿದರೆ ನೋಡಿಕೊಳ್ಳಿ ಎಂದು ಮಾವನನ್ನು ಮಗ್ಗದ ಹಿಂದೆ ಕೂರಿಸಿ, ಹೋಳಿಗೆಯ ಹೂರಣ ರುಬ್ಬಲು ಹೋದಳು.

ಮಹಾಲಿಂಗಪ್ಪ ಹಾಸನ್ನು ಕಣ್ಣಲ್ಲಿ ಕಣ್ಣಿಟ್ಟು ಕಾದರು. ಒಂದು ಎಳೆಯೂ ಹರಿಯಲಿಲ್ಲ. ಬಟ್ಟೆ ಬರುವುದು ಮಗ್ಗದ ಮುಂದೆ. ಅತ್ತ ಯಾರೂ ಇರಲಿಲ್ಲ. ಎಲೆಅಡಿಕೆ ತಟ್ಟೆ ಹುಡುಕುತ್ತ ಅತ್ತ ಹಾಯ್ದವಳು ಬೋರವ್ವ.

"ಸ್ನೇಹಾ! ಇಲ್ಲಿ ಬಾ ಬೇ! ಇವೇನ ನವಿಲೇನ, ಕೋಳೀನ?"

ಹೂರಣದ ಕೈಯಲ್ಲೇ ಓಡಿ ಬಂದ ಸ್ನೇಹಾ ನೋಡಿದಳು. ಕೆನೆಬಣ್ಣದ ಒಡಲಿನ ಮೇಲೆ, ಕುತ್ತಿಗೆ ಎದೆಯೊಳಗೆ ಹೂತು, ಗರಿ ಕುಗ್ಗಿ ಜುಟ್ಟು ಚಪ್ಪಟೆಯಾಗಿ, ಗುಂಡಗೆ ಗಿಡ್ಡಗೆ ಒಂದು ಕೋಳಿ ಕೂತಿತ್ತು. ಅದರ ತಲೆಯ ಮೇಲೆ ಇನ್ನೊಂದು. ಅದರ ಮೇಲೆ ಮತ್ತೊಂದು. ಬಯಲೆಂಬುದೇ ಇಲ್ಲದೆ ಒಂದರ ಹೆಗಲೇರಿ ಒಂದು, ಸಂತೆಗೆ ಹೊರಟ ಬುಟ್ಟಿಯಲ್ಲಿ ಒತ್ತಿ ತುಂಬಿದ ಹಾಗೆ ಕೂತು ಅವಳನ್ನೇ ನೋಡುತ್ತಿದ್ದವು.

ಅವಳು ಮಗ್ಗ ನಿಲ್ಲಿಸಿದಳು. ಯಾರೂ ಹೇಳಿಕೊಡಬೇಕಾಗಲಿಲ್ಲ. ಬನಹಟ್ಟಿಯ ನೇಕಾರರ ಮಗಳು. ಏಳನೆಯ ವಯಸ್ಸಿಗೇ ಲಾಳಿ ಎಸೆದವಳು. ಚಿತ್ರದ ಹೊಕ್ಕಿನ ಬೆನ್ನಿಗೆ ಬರಿಯ ಹೊಕ್ಕು ಹೋಗಲೇಬೇಕು, ಎರಡು ಬುಟ್ಟಾ ಚಿತ್ರಗಳ ನಡುವೆ ಬಯಲು ಇರಲೇಬೇಕು ಎಂಬುದು ಅವಳ ಕೈಗೆ ಗೊತ್ತಿತ್ತು. ಅದೇ ಕೈ ಕೀಲಿಮಣೆಯ ಮೇಲೆ ಕೂತಾಗ ಮಾತ್ರ ಖಾಲಿ ಎಂದರೆ ಕಸ ಎಂದುಕೊಂಡಿತು. ಖಾಲಿ ಸಾಲು ಎಂದರೆ ಸೀರೆಯ ಒಡಲು. ಒಡಲನ್ನೇ ಅಳಿಸಿ ಕೂತಿದ್ದಳು.

ಅವಳಿಗೆ ಅಳು ಬಂತು. ನಾಚಿಕೆ ಅದಕ್ಕಿಂತ ಮೊದಲೇ ಬಂದಿತ್ತು.

"ವಾಪಸ್ ತರಾಕ ಬರೂದಿಲ್ಲೇನ?" ಮಹಾಲಿಂಗಪ್ಪ ಮೆಲ್ಲಗೆ ಕೇಳಿದರು.

"ನಕಲ ಇಟ್ಟಿಲ್ಲರಿ ಮಾಮಾ. ನವಿಲ ಬರದಿದ್ದ ತಂತ್ರಾಂಶದ ಪುಕ್ಕಟೆ ದಿನಾನೂ ನಿನ್ನೆ ಮುಗದಾವ, ಅದು ಈಗ ಬಾಗಲಾ ತಗಿಯೂದಿಲ್ಲ."

"ಹಾಸರ ಎಷ್ಟೈತಿ?" ಎಂದಳು ಬೋರವ್ವ.

ಹಾಸು ಇದ್ದದ್ದು ಒಂದು ಸೀರೆಗೆ. ಕೋಳಿಗಳನ್ನು ಕತ್ತರಿಸಿ ಒಗೆದರೆ ಸೀರೆ ಗಿಡ್ಡವಾಗುತ್ತದೆ. ಇರುವ ದಾರಿ ಒಂದೇ: ನೇಯ್ದದ್ದನ್ನು ಒಂದೊಂದೇ ಹೊಕ್ಕಾಗಿ ಬಿಚ್ಚಿ ತೆಗೆಯುವುದು. ಆ ಕೆಲಸಕ್ಕೆ ಆಳೂ ಇಲ್ಲ, ಆಜ್ಞೆಯೂ ಇಲ್ಲ. ಬೋರವ್ವ ಟ್ರಂಕಿನ ಕೋಣೆಯ ಕಡೆ ಒಮ್ಮೆ ನೋಡಿದಳು. ಸ್ನೇಹಾ ಅದನ್ನು ಕಂಡಳು.

ಅಷ್ಟರಲ್ಲಿ ಅಂಗಳದಿಂದ ದಾನೇಶ್ವರಿಯೇ ಬಂದಳು. ಅರಿಶಿನ ಹಚ್ಚಿಸಿಕೊಂಡು ಹಣೆಯಿಂದ ಅಂಗಾಲಿನವರೆಗೆ ಹಳದಿಯಾಗಿದ್ದಳು. ಅರಿಶಿನದ ಮದುಮಗಳು ಮಣೆ ಬಿಟ್ಟು ತಿರುಗಬಾರದು ಎಂದು ಹಿಂದೆ ಹೆಂಗಸರು ಕೂಗುತ್ತಿದ್ದರು. ಸ್ನೇಹಾ ಅಡ್ಡ ನಿಂತು ಬಟ್ಟೆ ಮುಚ್ಚಲು ನೋಡಿದಳು. ಕೋಳಿಗಳು ಅವಳ ಸೆರಗಿಗಿಂತ ಅಗಲವಾಗಿದ್ದವು.

"ನಂದ ತಪ್ಪ ದಾನೇಶ್ವರಿ," ಎಂದಳು. "ಖಾಲಿ ಸಾಲೆಲ್ಲಾ ಕಸ ಅಂತ ಅಳಿಸಿಬಿಟ್ಟೆ. ಅತ್ತಿ ಒಂದ ಛಲೋ ಸೀರಿ ತಂದಾರ. ಅದನ್ನ ಉಡು."

ದಾನೇಶ್ವರಿ ಬಗ್ಗಿ ಕೋಳಿಗಳನ್ನು ನೋಡಿದಳು. ಮೊದಲು ಮೂಗು ಹಿಗ್ಗಿತು, ಆಮೇಲೆ ಭುಜ ಕುಣಿಯಿತು, ಕೊನೆಗೆ ಅರಿಶಿನ ಉದುರುವ ಹಾಗೆ ನಕ್ಕಳು.

"ಯವ್ವಾ, ಇವನ್ನ ಉಟಗೊಂಡ ಹ್ವಾದ್ರ ಬೀಗರು ತತ್ತಿ ಕೇಳತಾರ!"

ಬೋರವ್ವನಿಗೂ ತಡೆಯಲಾಗಲಿಲ್ಲ. ನಗುತ್ತಲೇ ತನ್ನ ಸೀರೆಯ ನಿರಿಗೆ ಎತ್ತಿ ಸಿಕ್ಕಿಸಿಕೊಂಡು ಮಗ್ಗದ ಮುಂದೆ ಕೂತಳು. ಮೊದಲ ಹೊಕ್ಕನ್ನು ಸೂಜಿಯ ಮೊನೆಯಿಂದ ಎತ್ತಿ ಎಳೆದಳು. "ಕುಂಡರ ಬಾ," ಎಂದಳು ಸೊಸೆಗೆ. "ನೀ ಆ ಕಡಿಂದ ತಗಿ. ಹಾಸು ಹರದರ ನೋಡ ಮತ್ತ."

ಅತ್ತೆ ಸೊಸೆ ಎದುರುಬದುರು ಕೂತು ಬಿಚ್ಚಿದರು. ಹೂರಣ ತಳ ಹಿಡಿಯಿತು, ಯಾರೂ ಏಳಲಿಲ್ಲ. ಮಹಾಲಿಂಗಪ್ಪ ಬಂದ ದಾರವನ್ನು ಕಂಡಿಕೆಗೆ ಸುತ್ತಿದರು. ಕೇಸರಿಯ ಮಾತು ಒಮ್ಮೆ ಎದ್ದಿತು, ಈ ಸಲ ಸ್ನೇಹಾಳೇ ಎತ್ತಿದ್ದು. ಕೊನೆಯ ಕೋಳಿ ಹೋಗುವ ಹೊತ್ತಿಗೆ ಬಿಸಿಲು ಹಿತ್ತಲಿನ ಗೋಡೆ ಏರಿತ್ತು.

ಆಮೇಲೆ ಸ್ನೇಹಾ ಲ್ಯಾಪ್‌ಟಾಪ್ ತೆರೆದಳು. ಮೊದಲು ನಕಲು ಮಾಡಿಟ್ಟುಕೊಂಡಳು. ಪ್ರತಿ ಸಾಲಿನ ಕೆಳಗೆ ಒಂದು ಖಾಲಿ ಸಾಲು ಸೇರಿಸುವುದು ಅದೇ ಆಳಿಗೆ ಒಂದಕ್ಷರದ ಕೆಲಸ ಎಂಬುದು ಹೊಕ್ಕು ಬಿಚ್ಚುತ್ತಿದ್ದಾಗಲೇ ಹೊಳೆದಿತ್ತು. ಕಡತದ ಕೋಳಿಗಳು ಎದ್ದು ನಿಂತು ಮತ್ತೆ ನವಿಲಾದವು. ಆದರೆ ಒಂದು ನವಿಲಿಗೂ ಇನ್ನೊಂದಕ್ಕೂ ನಡುವಿನ ಬಯಲು ಎಷ್ಟೆಂದು ಆಳಿಗೆ ಗೊತ್ತಿಲ್ಲ. ಅಂದಾಜಿನ ಮೇಲೆ ಬರೆದಿದ್ದ ಸ್ನೇಹಾಳಿಗೂ ನೆನಪಿರಲಿಲ್ಲ.

"ಎಷ್ಟ ಬಿಡ್ಲಿ?" ಎಂದು ಕೇಳಿದಳು.

"ಒಂದ ಗೇಣು ಬಿಡು," ಎಂದರು ಮಹಾಲಿಂಗಪ್ಪ.

"ಯಾರ ಗೇಣಪಾ? ಸೀರಿ ಉಡಾಕಿ ನಾನು," ಎಂದ ದಾನೇಶ್ವರಿ, ಯಾರೂ ತಡೆಯುವ ಮುಂಚೆ ಹಾಸಿನ ಮೇಲೆ ಕೈ ಊರಿ ಬೆರಳು ಅಗಲಿಸಿದಳು. "ಇಷ್ಟ ಬಿಡ, ವೈನಿ."

ಕೈ ಎತ್ತಿದಾಗ ಕೆನೆಬಣ್ಣದ ಎಳೆಗಳ ಮೇಲೆ ಐದು ಬೆರಳೂ ಹಳದಿಯಾಗಿ ಮೂಡಿದ್ದವು. ಮೊದಲ ಎರಡು ನವಿಲುಗಳ ನಡುವಿನ ಬಯಲು ಬರುವುದು ಅಲ್ಲಿಯೇ. ಸ್ನೇಹಾಳ ಕೈ ತನಗೆ ತಾನೇ ಒದ್ದೆ ಬಟ್ಟೆಯ ಕಡೆಗೆ ಹೋಯಿತು. ಬೋರವ್ವ ಆ ಕೈಯನ್ನು ಹಿಡಿದುಕೊಂಡಳು. ಅವಳ ಕಣ್ಣು ಮಗಳ ಬೆರಳಚ್ಚಿನ ಮೇಲೇ ಇತ್ತು. ನಾಡಿದ್ದು ಈ ಹೊತ್ತಿಗೆ ಆ ಬೆರಳುಗಳು ಮುಧೋಳದಲ್ಲಿರುತ್ತವೆ.

"ಅಳಸಬ್ಯಾಡವಾ," ಎಂದಳು. "ಅದಿರಲಿ. ಮಗ್ಗಾ ಹಚ್ಚು."